ಶಾಲೆ, ಪ್ಲೇಸ್ಕೂಲ್, ಅಂಗನವಾಡಿ ನೀರಲ್ಲಿ ಸೀಸ: ಅಪ್ಪ-ಅಮ್ಮಂದಿರು ಪದೇ ಪದೇ ಕೇಳೋ ಪ್ರಶ್ನೆಗಳು

ಬೆಂಗಳೂರಲ್ಲಿ ಅಡ್ಮಿಷನ್ ಮುಗಿದು ಶಾಲೆ ಶುರು ಆಯ್ತು ಅಂದ್ರೆ ನೀರಲ್ಲಿ ಸೀಸದ (ಲೆಡ್) ವಿಷಯ ಎದ್ದೇ ಏಳತ್ತೆ, ಅದೇ ಪ್ರಶ್ನೆಗೆ ಅದೇ ಉತ್ತರ ಟೈಪ್ ಮಾಡಿ ಮಾಡಿ ಬೆರಳು ನೋವು ಬಂತು, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ಅರ್ಜೆಂಟ್ ಇರೋರು ಟೆಸ್ಟ್ ಬಗ್ಗೆ ಇರೋ ಪ್ರಶ್ನೆಗೆ ನೇರ ಹೋಗಿ.

ಕಾವೇರಿ ನೀರು ಫಿಲ್ಟರ್ ಆಗೇ ಬರತ್ತಲ್ವಾ, ಅದ್ರಲ್ಲಿ ಸೀಸ ಎಲ್ಲಿಂದ ಬಂತು?

ಕಾವೇರಿಯಿಂದ ಬಂದಿದ್ದಲ್ಲ. ನದಿ ನೀರಲ್ಲಿ ಸಾಮಾನ್ಯವಾಗಿ ಸೀಸ ತೀರಾ ಕಮ್ಮಿ, ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ ಸುಮಾರು 100 ಕಿಲೋಮೀಟರ್ ಪಂಪ್ ಮಾಡ್ಕೊಂಡು ತಂದು ನಿಮ್ಮ ಶಾಲೆ ಸಂಪಿಗೆ ಬಿಡೋವರೆಗೆ ಜಲಮಂಡಳಿ ಜವಾಬ್ದಾರಿ, ಅಲ್ಲಿಂದ ಆಚೆಗೆ ಅಂದ್ರೆ ಸಂಪು, ಮೋಟರ್, ಓವರ್‌ಹೆಡ್ ಟ್ಯಾಂಕು, ಅಲ್ಲಿಂದ ಇಳಿಯೋ ಪೈಪು, ಕೊನೆಗೆ ಮಗು ಬಾಟಲಿ ಹಿಡಿಯೋ ನಲ್ಲಿ, ಇದೆಲ್ಲಾ ಶಾಲೆಯವರದ್ದೇ. ಸೀಸ ಸೇರ್ಕೊಳೋದು ಹೆಚ್ಚಾಗಿ ಈ ಕೊನೆಯ ಸ್ವಲ್ಪ ದೂರದಲ್ಲೇ.

ಮೊದಲನೇ ಆರೋಪಿ ಹಿತ್ತಾಳೆ ನಲ್ಲಿ. ಹೊರಗೆ ಪಳಪಳ ಕ್ರೋಮ್ ಲೇಪನ ಇದ್ರೂ ಒಳಗೆ ಹಿತ್ತಾಳೆನೇ, ಮತ್ತೆ ಲೇತ್‌ನಲ್ಲಿ ಸಲೀಸಾಗಿ ಕಟ್ ಆಗ್ಲಿ ಅಂತ ಆ ಹಿತ್ತಾಳೆಗೆ ನೂರಕ್ಕೆ ಎರಡು ಮೂರು ಭಾಗ ಸೀಸ ಸೇರಿಸೋದು ಮಾಮೂಲು. ವಾಲ್ವು, ನಿಪ್ಪಲ್, ವಾಟರ್ ಮೀಟರ್ ಬಾಡಿ ಕೂಡ ಇದೇ ಕಥೆ. ಎರಡನೇದು ಬೆಸುಗೆ, ಹಳೇ ವಾಟರ್ ಕೂಲರ್‌ಗಳ ಟ್ಯಾಂಕ್ ಜಾಯಿಂಟಲ್ಲಿ ಸೀಸ-ತವರದ ಬೆಸುಗೆ ಇರಬಹುದು. ಅಮೆರಿಕದಲ್ಲಿ ಇದೇ ಕಾರಣಕ್ಕೆ 1988ರಲ್ಲಿ ಒಂದು ಕಾನೂನನ್ನೇ ಮಾಡಿ ಸೀಸದ ಟ್ಯಾಂಕ್ ಇರೋ ಕೂಲರ್‌ಗಳನ್ನ ವಾಪಸ್ ತಗೊಳೋ ಹಾಗೆ ಮಾಡಿದ್ರು. ಮೂರನೇದು ಜಿಐ ಪೈಪು, ಅದರ ಸತುವಿನ ಲೇಪನದಲ್ಲಿ ಸ್ವಲ್ಪ ಸೀಸ ಬೆರೆತಿರತ್ತೆ, ತುಕ್ಕು ಹಿಡಿದಾಗ ಚೂರು ಚೂರಾಗಿ ಬಿಡತ್ತೆ. ನಾಲ್ಕನೇದು ನಾವು ಯಾರೂ ಅನುಮಾನ ಪಡದೇ ಇರೋ ಪಿವಿಸಿ ಪೈಪು, ತಯಾರಿಸೋವಾಗ ಬಿಸಿಗೆ ಕೆಡಬಾರ್ದು ಅಂತ ಸೀಸದ ಸ್ಟೆಬಿಲೈಸರ್ ಹಾಕೋ ಅಭ್ಯಾಸ ನಮ್ಮಲ್ಲಿ ಬಹಳ ಕಾಲ ಇತ್ತು, ಕೇಂದ್ರ ಸರ್ಕಾರ 2021ರಲ್ಲಿ ಇದಕ್ಕೇ ಅಂತ ಪ್ರತ್ಯೇಕ ನಿಯಮ ತಂತು.

ಬಸವನಗುಡಿ, ಚಾಮರಾಜಪೇಟೆ ಕಡೆ ಹಳಬರು ಬೀಡು ಕಬ್ಬಿಣದ ಪೈಪ್ ಜಾಯಿಂಟಿಗೆ ಸೀಸ ಕಾಯಿಸಿ ಸುರಿಯೋದನ್ನ ನೋಡಿದ್ವಿ ಅಂತ ಹೇಳ್ತಾರೆ. ನಿಜ, ಆ ಪದ್ಧತಿ ಇತ್ತು. ಆದ್ರೆ ಅಲ್ಲಿ ನೀರಿಗೆ ತಾಗೋ ಸೀಸದ ಜಾಗ ಬಹಳ ಸಣ್ಣದು, ಅದರ ಬಗ್ಗೆ ನಿದ್ದೆ ಕೆಡಿಸ್ಕೊಳೋ ಬದ್ಲು ನಿಮ್ಮ ಕಾರಿಡಾರಲ್ಲಿರೋ ನಲ್ಲಿ ಕಡೆ ನೋಡಿ.

ನಮ್ದು ಹೊಸ ಬಿಲ್ಡಿಂಗು, ನಮಗೂ ಈ ತಲೆನೋವು ಇದ್ಯಾ?

ಇದೆ. ಹೊಸ ಹಿತ್ತಾಳೆ ನಲ್ಲಿ ಮೊದಲ ಕೆಲವು ತಿಂಗಳು ಹಳೇದಕ್ಕಿಂತ ಜಾಸ್ತಿ ಸೀಸ ಬಿಡಬಹುದು, ಹಳೇದ್ರ ಒಳಗೆ ಉಪ್ಪಿನ ಪದರ ಕಟ್ಟಿರತ್ತೆ, ಹೊಸದ್ರಲ್ಲಿ ಲೋಹ ಬರಿಮೈಯಲ್ಲಿರತ್ತೆ. ಜೊತೆಗೆ ಕಟ್ಟಡ ಕೆಲಸದ ಲೋಹದ ಪುಡಿ ನಲ್ಲಿ ಬಾಯಿಯ ಜಾಲರಿಯಲ್ಲಿ ಕೂತಿರತ್ತೆ. ಬಿಚ್ಚಿ ತೊಳೀರಿ, ಎರಡು ನಿಮಿಷದ ಕೆಲಸ.

ಎಷ್ಟಿದ್ರೆ ಸೇಫು?

ನಮ್ಮ ದೇಶದ ಕುಡಿಯೋ ನೀರಿನ ಮಾನದಂಡ ಐಎಸ್ 10500, 2012ರದ್ದು. ಅದ್ರಲ್ಲಿ ಸೀಸಕ್ಕೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದ್ರೆ 10 ಮೈಕ್ರೋಗ್ರಾಂ, ಇದನ್ನೇ 10 ಪಿಪಿಬಿ ಅಂತಾನೂ ಹೇಳ್ತಾರೆ. ಗಡಸುತನಕ್ಕೆಲ್ಲಾ "ಬೇರೆ ನೀರು ಸಿಗ್ದೇ ಇದ್ರೆ ಇಷ್ಟರವರೆಗೆ ಓಕೆ" ಅಂತ ಸಡಿಲಿಕೆ ಇದೆ, ಸೀಸಕ್ಕೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆದೂ 10ನೇ. ಯುರೋಪಿನವರು 2036ರ ಹೊತ್ತಿಗೆ 5ಕ್ಕೆ ಇಳಿಸ್ತೀವಿ ಅಂತ ಬರ್ಕೊಂಡಿದಾರೆ. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ ಮಾತ್ರ ಶಾಲೆ ನೀರಲ್ಲಿ 1 ಪಿಪಿಬಿಗಿಂತ ಜಾಸ್ತಿ ಇರಬಾರ್ದು ಅನ್ನತ್ತೆ.

ಇಷ್ಟೊಂದು ನಂಬರ್ ಯಾಕೆ ಅಂದ್ರೆ ಇವೆಲ್ಲಾ ಆಡಳಿತಕ್ಕೆ ಅಂತ ಎಳೆದ ಗೆರೆಗಳು. ಮಕ್ಕಳ ಮೈಗೆ ಇಷ್ಟು ಸೀಸ ಆಗಬಹುದು ಅನ್ನೋ ಮಟ್ಟ ಇದುವರೆಗೆ ಸಿಕ್ಕಿಲ್ಲ. 9 ಬಂತು ಅಂತ ಪಾರ್ಟಿ ಮಾಡ್ಬೇಡಿ, 11 ಬಂತು ಅಂತ ಅಳಬೇಡಿ, ಎರಡಕ್ಕೂ ನಲ್ಲಿ ಬದಲಾಯಿಸಿ.

ದೊಡ್ಡವರು ನಾವೂ ಅದೇ ನೀರು ಕುಡಿದು ಬೆಳೆದ್ವಿ, ಏನೂ ಆಗಿಲ್ವಲ್ಲ?

ಈ ಮಾತು ಪ್ರತಿ ಮೀಟಿಂಗಲ್ಲೂ ಒಬ್ರು ಅಂಕಲ್ ಹೇಳೇ ಹೇಳ್ತಾರೆ. ಆಗಿಲ್ಲ ಅಂತ ಹೇಗೆ ಗೊತ್ತು? ಸೀಸ ಜ್ವರ ವಾಂತಿ ಥರ ಕಾಣಿಸ್ಕೊಳಲ್ಲ. ಬುದ್ಧಿ ಸ್ವಲ್ಪ ಮಂಕಾಗೋದು, ಗಮನ ನಿಲ್ಲದೇ ಇರೋದು, ಕಲಿಕೆ ನಿಧಾನ ಆಗೋದು, ಬೇಗ ಸಿಟ್ಟು ಬರೋದು, ಇದನ್ನೆಲ್ಲಾ ನಾವು ಮಗೂದೇ ಸ್ವಭಾವ ಅಂದ್ಕೊಂಡು ಟ್ಯೂಷನ್‌ಗೆ ಹಾಕ್ತೀವಿ. ಸಣ್ಣ ಮಕ್ಕಳು ಹೊಟ್ಟೆಗೆ ಹೋದ ಸೀಸವನ್ನ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರ್ಕೊಳ್ತಾರೆ, ಮಿದುಳು ಇನ್ನೂ ಬೆಳೀತಾ ಇರೋ ವಯಸ್ಸು ಬೇರೆ. ಮೈಗೆ ಹೋಗಿದ್ದು ಸುಣ್ಣದಂಶದ ಜಾಗದಲ್ಲಿ ಮೂಳೆ ಸೇರಿ ವರ್ಷಗಟ್ಟಲೆ ಕೂರತ್ತೆ. ಕಬ್ಬಿಣದಂಶ ಕಮ್ಮಿ ಇರೋ ಮಗು ಇನ್ನೂ ಹೆಚ್ಚು ಹೀರ್ಕೊಳತ್ತೆ, ನಮ್ಮಲ್ಲಿ ರಕ್ತಹೀನತೆ ಎಷ್ಟು ಮಕ್ಕಳಿಗಿದೆ ಅಂತ ಯಾವ ಅಂಗನವಾಡಿ ಟೀಚರ್‌ನ ಕೇಳಿದ್ರೂ ಹೇಳ್ತಾರೆ.

ಅಂದಹಾಗೆ ಸೀಸದ ವಿಷಯದಲ್ಲಿ ದೊಡ್ಡ ಕೆಲಸ ಆಗಿದ್ದು ನಮ್ಮೂರಲ್ಲೇ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ಅವರು 1990ರ ದಶಕದ ಕೊನೆಗೆ ಬೆಂಗಳೂರು ಸೇರಿ ಹಲವು ಊರುಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ (100 ಎಂಎಲ್ ರಕ್ತಕ್ಕೆ) 10 ಮೈಕ್ರೋಗ್ರಾಂ ದಾಟಿತ್ತು. ಆಗ ಪೆಟ್ರೋಲಲ್ಲೇ ಸೀಸ ಇತ್ತು, 2000ದಲ್ಲಿ ಅದು ನಿಂತಿತು. ಹಾಗಂತ ಕಥೆ ಮುಗೀಲಿಲ್ಲ, 2020ರ ಯುನಿಸೆಫ್ ವರದಿ ಪ್ರಕಾರ ಭಾರತದಲ್ಲಿ ಸುಮಾರು 27 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂಗಿಂತ ಜಾಸ್ತಿ ಇದೆ ಅಂತ ಅಂದಾಜು. ಅದೆಲ್ಲಾ ನೀರಿಂದ ಅಲ್ಲ, ಬೇರೆ ದಾರಿಗಳನ್ನ ಕೆಳಗೆ ಹೇಳಿದೀನಿ.

ಟಿಡಿಎಸ್ ಮೀಟರಲ್ಲಿ 80 ತೋರಿಸ್ತು, ಸೂಪರ್ ನೀರು ತಾನೇ?

ಸೀಸದ ಲೆಕ್ಕಕ್ಕೆ ಆ ಮೀಟರ್ ಪೂರ್ತಿ ಕುರುಡು. ಅದು ತೋರಿಸೋದು ಲೀಟರಿಗೆ ಇಷ್ಟು ಮಿಲಿಗ್ರಾಂ ಉಪ್ಪಿನಂಶ ಅಂತ, ಸೀಸದ ಮಿತಿ ಒಂದೇ ಒಂದು ಮಿಲಿಗ್ರಾಂನ ನೂರನೇ ಒಂದು ಭಾಗ. 80 ಇರೋ ನೀರಲ್ಲಿ ಮಿತಿಯ ಐದು ಪಟ್ಟು ಸೀಸ ಇದ್ರೂ ಮೀಟರ್ 80 ಅಂತಾನೇ ತೋರಿಸತ್ತೆ. ಮೀಟರ್ ಅದ್ದಿ "ನೋಡಿ ಮೇಡಂ ಪ್ಯೂರ್" ಅನ್ನೋ ಸೇಲ್ಸ್ ಹುಡುಗರಿಗೆ ಇದನ್ನ ಹೇಳಿ ನೋಡಿ, ಮಾತು ಬೇರೆ ಕಡೆ ತಿರುಗತ್ತೆ.

ಜಲಜೀವನ್ ಮಿಷನ್ನಿನ ಫೀಲ್ಡ್ ಕಿಟ್ಟಲ್ಲೂ ಸಾಮಾನ್ಯವಾಗಿ ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕ್ಲೋರಿನ್ ಥರದ್ದೇ ಇರೋದು. ಅದು ಪಾಸ್ ಆಯ್ತು ಅಂದ್ರೆ ಒಳ್ಳೇದೇ, ಆದ್ರೆ ಸೀಸದ ಬಗ್ಗೆ ಅದು ಏನೂ ಹೇಳ್ಲಿಲ್ಲ ಅಂತ ತಿಳ್ಕೊಳಿ. ಕಣ್ಣು, ಮೂಗು, ನಾಲಿಗೆಗೂ ಗೊತ್ತಾಗಲ್ಲ.

ಕುದಿಸಿದ್ರೆ ಹೋಗಲ್ವಾ?

ಇಲ್ಲ. ನೀರು ಆವಿ ಆಗತ್ತೆ, ಸೀಸ ಅಲ್ಲೇ ಉಳಿಯತ್ತೆ, ಅಂದ್ರೆ ಸ್ವಲ್ಪ ಜಾಸ್ತಿನೇ ಆಗತ್ತೆ. ಕ್ರಿಮಿಗೆ ಮಾತ್ರ ಕುದಿಸೋದು ಒಳ್ಳೇದು.

ಶಾಲೆಯಲ್ಲಿ ಆರ್‌ಒ ಹಾಕಿದಾರೆ, ಇನ್ನೇನು ಬೇಕು?

ಆರ್‌ಒ ಮೆಂಬ್ರೇನ್ ಚೆನ್ನಾಗಿದ್ರೆ ಸೀಸವನ್ನ ಬಹುಪಾಲು ತಡೆಯತ್ತೆ, ಯುವಿ ಒಂದೇ ಇದ್ರೆ ತಡೆಯಲ್ಲ, ಬರೀ ಕ್ಯಾಂಡಲ್ ಫಿಲ್ಟರಿಂದಾನೂ ನಂಬಿಕೆ ಇಡೋ ಹಾಗಿಲ್ಲ. ಆದ್ರೆ ಆರ್‌ಒ ಅಂದ ತಕ್ಷಣ ಕಣ್ಣು ಮುಚ್ಕೊಳೋ ಹಾಗಿಲ್ಲ, ಯಾಕಂದ್ರೆ ಮೂರು ಕಡೆ ಮೋಸ ಆಗತ್ತೆ. ರುಚಿಗೆ ಅಂತ ಟಿಡಿಎಸ್ ಕಂಟ್ರೋಲರ್ ಇಟ್ಟಿರ್ತಾರೆ, ಅದು ಮೆಂಬ್ರೇನ್ ದಾಟದ ನೀರನ್ನ ಸ್ವಲ್ಪ ಬೆರೆಸತ್ತೆ, ಸೀಸ ಇದ್ರೆ ಅದೂ ಬಂತು. ಸರ್ವಿಸ್ ಆಗದ ಮೆಂಬ್ರೇನ್ ಗೋಡೆ ಮೇಲೆ ನೇತಾಡೋ ಅಲಂಕಾರ ಅಷ್ಟೇ, ಕಾರ್ಡ್ ಮೇಲೆ ಕೊನೇ ಡೇಟ್ ಯಾವುದು ನೋಡಿ. ಮೂರನೇದನ್ನ ಬಹಳ ಜನ ಯೋಚ್ನೆನೇ ಮಾಡಿರಲ್ಲ: ಆರ್‌ಒ ಆದ್ಮೇಲೆ ನೀರಲ್ಲಿ ಖನಿಜ ಕಮ್ಮಿ, ಪಿಎಚ್ ಕಮ್ಮಿ, ಅಂಥಾ ನೀರು ಲೋಹವನ್ನ ಚೆನ್ನಾಗಿ ಕರಗಿಸತ್ತೆ. ಪ್ಲಾಂಟ್ ಟೆರೇಸಲ್ಲಿ, ಅಲ್ಲಿಂದ ಮೂರು ಫ್ಲೋರ್ ಪೈಪು, ಕೊನೆಗೆ ಹಿತ್ತಾಳೆ ನಲ್ಲಿ ಅಂತಿದ್ರೆ, ಶುದ್ಧ ಮಾಡಿದ ನೀರಿಗೆ ಮತ್ತೆ ಸೀಸ ಸೇರಿಸಿದ ಹಾಗೆ. ಆರ್‌ಒ ಆದ್ಮೇಲೆ ಇರೋ ನಲ್ಲಿಗಳು ಸ್ಟೀಲಿಂದ ಇರ್ಲಿ, ಅದೂ ಒಳಗೂ ಸ್ಟೀಲೇ.

ಸರಿ, ಟೆಸ್ಟ್ ಹೇಗೆ ಮಾಡಿಸೋದು?

ಇದೇ ಮುಖ್ಯ, ಇಲ್ಲೇ ಹೆಚ್ಚು ಶಾಲೆಗಳು ಎಡವೋದು. ಇನ್ಸ್‌ಪೆಕ್ಷನ್ ಇದೆ ಅಂತ ಆಫೀಸ್ ಹುಡುಗ ಮಧ್ಯಾಹ್ನ ಹನ್ನೆರಡಕ್ಕೆ ಸಂಪಿಂದ ಒಂದು ಬಾಟಲಿ ತುಂಬ್ಕೊಂಡು ಹೋಗಿ ಕೊಡ್ತಾನೆ, ರಿಪೋರ್ಟ್ ಕ್ಲೀನಾಗಿ ಬರತ್ತೆ, ಫ್ರೇಮ್ ಹಾಕಿ ರಿಸೆಪ್ಷನಲ್ಲಿ ನೇತಾಕ್ತಾರೆ. ಸಂಪಲ್ಲಿ ಸೀಸ ಇರಲ್ಲ ಸ್ವಾಮಿ, ಇರೋದು ನಲ್ಲಿಯಲ್ಲಿ, ಅದೂ ಬೆಳಗ್ಗೆ ಬೀಳೋ ಮೊದಲ ನೀರಲ್ಲಿ. ರಾತ್ರಿ ಇಡೀ ನೀರು ಪೈಪು ನಲ್ಲಿ ಒಳಗೆ ಟೀಪುಡಿ ನೆನೆದ ಹಾಗೆ ನೆನೆದಿರತ್ತೆ, ಅದೇ ಡಿಕಾಕ್ಷನ್ ಬೇಕಾಗಿರೋದು ನಮಗೆ ಟೆಸ್ಟಿಗೆ.

ಹಾಗಾಗಿ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಆ ನಲ್ಲಿ ಯಾರೂ ಮುಟ್ಟಬಾರ್ದು, ಕನಿಷ್ಠ 8 ಗಂಟೆ ನೀರು ನಿಂತಿರ್ಬೇಕು, ವಾಚ್‌ಮನ್ ಅಣ್ಣಂಗೂ ಆಯಾಗೂ ಹೇಳಿಡಿ, ಇಲ್ಲಾಂದ್ರೆ ಬೆಳಗ್ಗೆ ಆರಕ್ಕೆ ಬಕೆಟ್ ತುಂಬಿಸಿ ಬಿಟ್ಟಿರ್ತಾರೆ. ಬೆಳಗ್ಗೆ ನಲ್ಲಿ ತಿರುಗಿಸಿದ ತಕ್ಷಣ ಬೀಳೋ ಮೊದಲ 250 ಎಂಎಲ್ ಹಿಡೀರಿ. ಜಾಲರಿ ಬಿಚ್ಚಬೇಡಿ, ಮೊದಲು ಸ್ವಲ್ಪ ನೀರು ಹರಿಸಬೇಡಿ, ಮಗು ಕುಡಿಯೋ ಹಾಗೇ ಹಿಡೀರಿ. ಆಮೇಲೆ 30 ಸೆಕೆಂಡ್ ಹರಿಸಿ ಇನ್ನೊಂದು ಬಾಟಲಿ. ಮೊದಲನೇದ್ರಲ್ಲಿ ಜಾಸ್ತಿ, ಎರಡನೇದ್ರಲ್ಲಿ ಕಮ್ಮಿ ಬಂದ್ರೆ ತಪ್ಪು ನಲ್ಲಿದು, ಎರಡರಲ್ಲೂ ಜಾಸ್ತಿ ಅಂದ್ರೆ ಹಿಂದಿನ ಪೈಪಿಂದು. ಬಾಟಲಿ ಲ್ಯಾಬಿನವರೇ ಕೊಡ್ಲಿ, ಬಿಸ್ಲೇರಿ ಬಾಟಲಿ ತೊಳೆದು ತಗೊಂಡು ಹೋಗ್ಬೇಡಿ.

ಲ್ಯಾಬ್ ಎನ್‌ಎಬಿಎಲ್ (ಲ್ಯಾಬ್‌ಗಳನ್ನ ಪರೀಕ್ಷಿಸಿ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋದು, ಅದೂ ನೀರಲ್ಲಿ ಸೀಸ ಅನ್ನೋ ಟೆಸ್ಟಿಗೇ ಮಾನ್ಯತೆ ಇರೋದು ಆಗಿರ್ಲಿ, ಇದನ್ನ ಫೋನಲ್ಲೇ ಕೇಳಬಹುದು. ಕುಡಿಯೋ ನೀರಿನ ಮಾಮೂಲಿ ಪ್ಯಾಕೇಜಲ್ಲಿ ಸೀಸ ಇರಲೇಬೇಕು ಅಂತೇನಿಲ್ಲ, ಬಾಯ್ಬಿಟ್ಟು ಕೇಳಿ ಸೇರಿಸ್ಕೊಳಿ. ಎಲ್ಲಾ ನಲ್ಲಿಗೂ ದುಡ್ಡು ಸಾಲಲ್ಲ ಅಂದ್ರೆ ಮಕ್ಕಳು ಬಾಟಲಿ ತುಂಬಿಸೋದು, ಅಡುಗೆಮನೆದು, ವಾಟರ್ ಕೂಲರ್, ಈ ಮೂರರಿಂದ ಶುರು ಮಾಡಿ. ಆದ್ರೆ ಒಂದು ನಲ್ಲಿ ಚೆನ್ನಾಗಿದೆ ಅಂತ ಪಕ್ಕದ್ದೂ ಚೆನ್ನಾಗಿರತ್ತೆ ಅನ್ನೋ ಗ್ಯಾರಂಟಿ ಇಲ್ಲ, ಒಂದೇ ಗೋಡೆಯ ಎರಡು ನಲ್ಲಿಗೆ ಬೇರೆ ಬೇರೆ ರಿಸಲ್ಟ್ ಬರತ್ತೆ.

ರಿಪೋರ್ಟಲ್ಲಿ "ಬಿಡಿಎಲ್" ಅಂತ ಬಂದಿದೆ, ಹಂಗಂದ್ರೆ?

ಲ್ಯಾಬಿನ ಮೆಷೀನ್ ಹಿಡಿಯೋ ಮಟ್ಟಕ್ಕಿಂತ ಕಮ್ಮಿ ಅಂತ. ಆ ಮಟ್ಟ ಎಷ್ಟು ಅಂತ ಪಕ್ಕದಲ್ಲೇ ಬರೆದಿರತ್ತೆ, ನೋಡಿ. ಲೀಟರಿಗೆ 0.001 ಮಿಲಿಗ್ರಾಂ ಇದ್ರೆ ಖುಷಿ ಪಡಿ. ಅದೇ 0.01 ಅಂತಿದ್ರೆ 9 ಪಿಪಿಬಿ ಇದ್ರೂ ಬಿಡಿಎಲ್ಲೇ, ಹೆಚ್ಚೇನೂ ಗೊತ್ತಾಗ್ಲಿಲ್ಲ. ಪಿಪಿಎಂ ಪಿಪಿಬಿ ಗೊಂದಲದಲ್ಲಿ ಗಾಬರಿ ಆಗೋರೂ ಇದಾರೆ, 0.01 ಪಿಪಿಎಂ ಅಂದ್ರೆ 10 ಪಿಪಿಬಿ, ಅಷ್ಟೇ.

ಜಾಸ್ತಿ ಬಂತು. ಈಗೇನು?

ಆ ನಲ್ಲಿ ಇವತ್ತೇ ಬಂದ್. ಕುಡಿಯೋಕಲ್ಲ ಅಂತ ಬೋರ್ಡ್ ಹಾಕಿದ್ರೆ ಸಾಲಲ್ಲ, ಎಲ್‌ಕೆಜಿ ಮಗೂಗೆ ಓದೋಕೆ ಎಲ್ಲಿ ಬರತ್ತೆ, ಹಿಡಿಕೆ ಬಿಚ್ಚಿಡಿ. ಪೇರೆಂಟ್ಸಿಗೆ ಅದೇ ದಿನ ಮೆಸೇಜ್ ಮಾಡಿ, ಮುಚ್ಚಿಟ್ಟು ಆಮೇಲೆ ಗೊತ್ತಾದ್ರೆ ರಂಪ ಆಗತ್ತೆ. ನಲ್ಲಿ ಬದಲಾಯಿಸಿ, ಜಾಲರಿ ಬದಲಾಯಿಸಿ, ವಾರ ಬಳಸಿ, ಮತ್ತೆ ಟೆಸ್ಟ್. ಆಗ್ಲೂ ಬಂದ್ರೆ ಪೈಪ್ ಕಡೆ ಹೋಗ್ಬೇಕು, ಕುಡಿಯೋ ನೀರಿಗೆ ಮಾತ್ರ ಟ್ಯಾಂಕಿಂದ ಒಂದು ಪ್ರತ್ಯೇಕ ಲೈನು ಎಳೆಸೋದು ಇಡೀ ಬಿಲ್ಡಿಂಗ್ ಒಡೆಯೋದಕ್ಕಿಂತ ಎಷ್ಟೋ ಸುಲಭ. ಅಮೆರಿಕದಲ್ಲಿ 2018ರ ಸರ್ಕಾರಿ ಆಡಿಟ್ ಪ್ರಕಾರ ಟೆಸ್ಟ್ ಮಾಡಿಸಿದ ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ ನೂರಕ್ಕೆ 37ರಲ್ಲಿ ಎಲ್ಲೋ ಒಂದು ಕಡೆ ಜಾಸ್ತಿ ಬಂದಿತ್ತು, ಹಾಗಾಗಿ ಜಾಸ್ತಿ ಬಂದ್ರೆ ಶಾಲೆ ಮಾನ ಹೋಯ್ತು ಅಂತ ಅಂದ್ಕೊಳೋದು ಬೇಡ. ಗೊತ್ತಾದ್ಮೇಲೂ ಸುಮ್ನಿದ್ರೆ ಮಾನ ಹೋಗತ್ತೆ.

ಬೆಳಗ್ಗೆ ನೀರು ಹರಿಸಿ ಬಿಡಿ ಅಂತೀರ, ಟ್ಯಾಂಕರ್‌ಗೆ ದುಡ್ಡು ಕೊಡೋರು ನಾವು!

ರಾತ್ರಿ ನಿಂತು ಸೀಸ ಸೇರಿದ ನೀರು ಹೋಗ್ಲಿ ಅಂತ ಹಾಗೆ ಹೇಳೋದು, ಆದ್ರೂ ನ್ಯಾಯವಾದ ಸಿಟ್ಟು, 2024ರ ಬೇಸಿಗೆ ನೋಡಿದವರಿಗೆ ನೀರು ಸುರೀರಿ ಅಂದ್ರೆ ಹೊಟ್ಟೆ ಉರಿಯತ್ತೆ. ಅದಕ್ಕೆ ಮೋರಿಗೆ ಬಿಡಬೇಡಿ, ಬಕೆಟಿಗೆ ಹಿಡಿದು ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಬಳಸಿ. ನಲ್ಲಿ ಒಂದೇ ತಪ್ಪಿತಸ್ಥ ಆಗಿದ್ರೆ ಅರ್ಧ ನಿಮಿಷ ಸಾಕಾಗಬಹುದು, ಪೈಪಾದ್ರೆ ಕೆಲವು ನಿಮಿಷ ಬೇಕು. ಆದ್ರೂ ಇದು ತಾತ್ಕಾಲಿಕ, ಆಯಾ ಒಂದು ದಿನ ರಜೆ ಹಾಕಿದ್ರೆ ಎಲ್ಲಾ ಮರೀತಾರೆ.

ಬೋರ್‌ವೆಲ್ ನೀರು? ಮಳೆ ನೀರು?

ನಮ್ಮ ಬೋರ್ ನೀರು ಹೆಚ್ಚಾಗಿ ಗಡಸು, ಪೈಪಲ್ಲಿ ಬಿಳಿ ಪದರ ಕಟ್ಟಿ ಲೋಹ ಕರಗೋದನ್ನ ಸ್ವಲ್ಪ ತಡೆಯತ್ತೆ. ಆದ್ರೆ ಬೋರಿಂದ ಕಾವೇರಿಗೆ, ಕಾವೇರಿಯಿಂದ ಟ್ಯಾಂಕರಿಗೆ ಅಂತ ಪದೇ ಪದೇ ಬದಲಾದ್ರೆ ಆ ಪದರ ಅಲುಗಾಡಬಹುದು. ಅಮೆರಿಕದ ಫ್ಲಿಂಟ್ ಅನ್ನೋ ಊರಲ್ಲಿ 2014ರಲ್ಲಿ ನೀರಿನ ಮೂಲ ಬದಲಾಯಿಸಿ, ಪೈಪು ಸವೆಯದ ಹಾಗೆ ಹಾಕ್ಬೇಕಿದ್ದ ರಾಸಾಯನಿಕ ಹಾಕ್ದೇ ಇದ್ದಿದ್ದಕ್ಕೇ ಊರಿಗೆ ಊರೇ ಸೀಸ ಕುಡೀತು. 2024ರ ಅಕ್ಟೋಬರಲ್ಲಿ ಕಾವೇರಿ 5ನೇ ಹಂತ ಶುರು ಆಗಿ 110 ಹಳ್ಳಿ ಏರಿಯಾಗಳ ಕಡೆ ಲೈನ್ ಬರ್ತಿದ್ಯಲ್ಲ, ಅಲ್ಲಿ ಇಷ್ಟು ವರ್ಷ ಬೋರ್ ನೀರಲ್ಲಿದ್ದ ಶಾಲೆಗಳು ಹೊಸ ಕನೆಕ್ಷನ್ ಆದ್ಮೇಲೆ ಒಂದ್ಸಲ ಟೆಸ್ಟ್ ಮಾಡಿಸೋದು ವಾಸಿ. ಮಳೆ ನೀರು ಮೆದು, ಸ್ವಲ್ಪ ಹುಳಿ, ಲೋಹ ಕರಗಿಸೋದ್ರಲ್ಲಿ ಮುಂದು, ಕೊಯ್ಲು ಮಾಡಿದ್ದನ್ನ ಗಾರ್ಡನ್ನಿಗೆ, ತೊಳೆಯೋಕೆ ಇಟ್ಕೊಳಿ.

ಇನ್ನೊಂದು ಮಾತು, ಬೋರ್ ಮತ್ತು ಟ್ಯಾಂಕರ್ ನೀರಲ್ಲಿ ಮೊದಲು ನೋಡ್ಬೇಕಾಗಿದ್ದು ಇ-ಕೋಲಿ ಮತ್ತು ನೈಟ್ರೇಟ್. ಭೇದಿ ಇವತ್ತೇ ಮಗೂನ ಆಸ್ಪತ್ರೆಗೆ ಹಾಕತ್ತೆ. ಸೀಸದ ಹೆಸರಲ್ಲಿ ಸಂಪು ತೊಳೆಸೋದನ್ನ ಮರೀಬೇಡಿ.

ಡೇಕೇರಲ್ಲಿ ಪಾಪುಗೆ ಪೌಡರ್ ಹಾಲು ಕಲಸ್ತಾರೆ, ಅದಕ್ಕೆ?

ಎಲ್ಲರಿಗಿಂತ ಜಾಗ್ರತೆ ಬೇಕಾಗಿರೋದು ಇಲ್ಲೇ, ಆ ಕೂಸಿಗೆ ಊಟ ತಿಂಡಿ ಎಲ್ಲಾ ಆ ನೀರೇ. ಗೀಸರ್ ಬಿಸಿ ನೀರಲ್ಲಿ ಕಲಸಲೇಬಾರ್ದು, ಬಿಸಿ ನೀರು ಸೀಸವನ್ನ ಬೇಗ ಕರಗಿಸತ್ತೆ. ಟೆಸ್ಟ್ ಆಗಿರೋ ತಣ್ಣೀರು ನಲ್ಲಿಯಿಂದ ಹಿಡಿದು ಸ್ಟವ್ ಮೇಲೆ ಕಾಯಿಸ್ಲಿ. ಬಿಸಿಯೂಟದ ಅನ್ನ ಸಾಂಬಾರಿಗೂ ಇದೇ ಮಾತು, ಅನ್ನ ನೀರನ್ನೆಲ್ಲಾ ಕುಡಿದ್ಬಿಡತ್ತೆ.

ಆ ನೀರಲ್ಲಿ ಕೈ ತೊಳೆದ್ರೆ, ಸ್ನಾನ ಮಾಡ್ಸಿದ್ರೆ?

ಏನೂ ಆಗಲ್ಲ. ಕೈ ತೊಳೆಯೋದು ಜಾಸ್ತಿ ಮಾಡ್ಸಿ.

ಮನೇಲಿ ಅಜ್ಜಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸ್ತಾರೆ, ಅದು?

ಕಲಾಯಿ ಶುದ್ಧ ತವರದ್ದಾದ್ರೆ ತೊಂದ್ರೆ ಇಲ್ಲ, ಸೀಸ ಬೆರೆಸಿದ ಅಗ್ಗದ ತವರ ಆದ್ರೆ ಹುಣಸೆಹಣ್ಣಿನ ಸಾರಿನ ಜೊತೆ ಸೀಸನೂ ಕುದಿಯತ್ತೆ. ಯಾವ ತವರ ಅಂತ ಅಜ್ಜಿಗೂ ಗೊತ್ತಿರಲ್ಲ, ಹುಳಿ ಅಡುಗೆ ಸ್ಟೀಲಿಗೆ ಬದಲಾಯಿಸಿ ಅಂತ ಮೆತ್ತಗೆ ಹೇಳಿ. ಉದುರೋ ಹಳೇ ಪೇಂಟು, ಬ್ಯಾಟರಿ ಬಿಚ್ಚೋ ಅಂಗಡಿ ಧೂಳು, ಕೆಲವು ಸುರ್ಮಾ ಮತ್ತು ಕುಂಕುಮ, ಬಣ್ಣ ಹಾಕಿದ ಅರಿಶಿನ ಪುಡಿ, ಇವೆಲ್ಲಾ ಸೀಸ ಬರೋ ದಾರಿಗಳೇ. ಮನೆ ಪೇಂಟಿಗೆ 2017ರ ನವೆಂಬರಿಂದ 90 ಪಿಪಿಎಂ ಮಿತಿ ಇದೆ, ಹಳೇ ಗೋಡೆಗೆ, ಹಳೇ ಜಾರೋಬಂಡೆಗೆ ಅದಕ್ಕಿಂತ ಮುಂಚಿನ ಬಣ್ಣ ಇರತ್ತೆ.

ಮಗೂಗೆ ಬ್ಲಡ್ ಟೆಸ್ಟ್ ಮಾಡಿಸ್ಬೇಕಾ?

ಶಾಲೆ ನಲ್ಲಿಯಲ್ಲಿ ಜಾಸ್ತಿ ಬಂದಿದ್ರೆ, ಮನೆ ಹತ್ರ ಬ್ಯಾಟರಿ ಕೆಲಸ ಇದ್ರೆ, ಮಗು ಮಣ್ಣು ಸುಣ್ಣ ತಿನ್ನೋದಾದ್ರೆ ಮಕ್ಕಳ ಡಾಕ್ಟರ್ ಹತ್ರ ಮಾತಾಡಿ, ಹಿಮೋಗ್ಲೋಬಿನ್ ಜೊತೆಗೇ ಮಾಡಿಸಬಹುದು. ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಜಾಸ್ತಿ ಬಂದ್ರೆ ಮೂಲ ಹುಡುಕಿ ನಿಲ್ಲಿಸಿ ಅನ್ನತ್ತೆ ವಿಶ್ವ ಆರೋಗ್ಯ ಸಂಸ್ಥೆ. ಸೀಸ ತೆಗೆಯೋ ಔಷಧಿ ಸಾಮಾನ್ಯವಾಗಿ 45ರ ಆಸುಪಾಸು ಹೋದ್ರೆ ಆಸ್ಪತ್ರೆಯಲ್ಲಿ ಕೊಡೋದು, "ಡಿಟಾಕ್ಸ್" ಪುಡಿ ಮಾರೋರ ಹತ್ರ ಸುಳೀಬೇಡಿ. ರಾಗಿ, ಹಾಲು, ಸೊಪ್ಪು, ನಿಂಬೆಹಣ್ಣು ಚೆನ್ನಾಗಿ ಕೊಡಿ, ಹೊಟ್ಟೆ ತುಂಬಿರೋ ಮಗು ಸೀಸ ಕಮ್ಮಿ ಹೀರ್ಕೊಳತ್ತೆ.

ಮ್ಯಾನೇಜ್‌ಮೆಂಟ್‌ನವರು ಕಿವಿಗೇ ಹಾಕ್ಕೊಳಲ್ಲ, ಹೇಗೆ ಕೇಳೋದು?

"ನಿಮ್ಮ ನೀರು ವಿಷ" ಅಂತ ಶುರು ಮಾಡಿದ್ರೆ ಬಾಗ್ಲು ಮುಚ್ಚತ್ತೆ. ಮೂರು ಪ್ರಶ್ನೆ ಬರೆದು ಕೊಡಿ: ಕೊನೇ ನೀರಿನ ರಿಪೋರ್ಟ್ ಯಾವ ನಲ್ಲಿದು, ಅದ್ರಲ್ಲಿ ಸೀಸ ಇತ್ತಾ, ಎಷ್ಟು ಗಂಟೆಗೆ ಹಿಡಿದಿದ್ದು. ಉತ್ತರ ಇಲ್ಲ ಅಂತ ಅವರಿಗೇ ಗೊತ್ತಾಗತ್ತೆ. ಸರ್ಕಾರಿ ಶಾಲೆಯಾದ್ರೆ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಇಟ್ಟು ನಡಾವಳಿಯಲ್ಲಿ ಬರೆಸಿ, ಬರೆಸಿದ್ದಕ್ಕೆ ತೂಕ ಜಾಸ್ತಿ. ಹೆಡ್ ಮಿಸ್ ಒಪ್ಪಿ ದುಡ್ಡಿಲ್ಲ ಅಂದ್ರೆ ನಾಲ್ಕು ಪೇರೆಂಟ್ಸ್ ಸೇರಿ ಕುಡಿಯೋ ನೀರಿನ ನಲ್ಲಿ ಒಂದಕ್ಕೆ ಟೆಸ್ಟ್ ಖರ್ಚು ಹಾಕಿ, ಒಂದು ರಿಪೋರ್ಟ್ ಕೈಗೆ ಬಂದ್ರೆ ಉಳಿದಿದ್ದು ತಾನಾಗೇ ನಡಿಯತ್ತೆ.

ದಸರಾ ರಜೆ, ಬೇಸಿಗೆ ರಜೆ ಆದ್ಮೇಲೆ ಏನಾದ್ರೂ ಬೇರೆ ಮಾಡ್ಬೇಕಾ?

ಹೌದು, ವಾರಗಟ್ಟಲೆ ನೀರು ನಿಂತಿರತ್ತೆ. ಶಾಲೆ ತೆಗೆಯೋ ಹಿಂದಿನ ದಿನ ಟ್ಯಾಂಕ್ ಖಾಲಿ ಮಾಡಿ ತೊಳೆದು, ಹೊಸ ನೀರು ತುಂಬಿಸಿ, ಟ್ಯಾಂಕಿಂದ ದೂರ ಇರೋ ನಲ್ಲಿಯಿಂದ ಶುರು ಮಾಡಿ ಒಂದೊಂದೇ ಹರಿಸ್ಕೊಂಡು ಬನ್ನಿ, ಕೂಲರ್ ಟ್ಯಾಂಕ್ ಪೂರ್ತಿ ಬಗ್ಗಿಸಿ, ಜಾಲರಿಗಳನ್ನೆಲ್ಲಾ ಬಿಚ್ಚಿ ತೊಳೀರಿ. ಟೆಸ್ಟಿಗೆ ಮಾತ್ರ ಅವತ್ತು ನೀರು ಹಿಡೀಬೇಡಿ, ಶಾಲೆ ಮಾಮೂಲಾಗಿ ನಡೆದು ಒಂದೆರಡು ವಾರ ಆದ್ಮೇಲೆ ಯಾವುದಾದ್ರೂ ಮಂಗಳವಾರ ಬುಧವಾರ ಬೆಳಗ್ಗೆ ಹಿಡೀರಿ.